ಎಳೆದಷ್ಟೂ ಬಿಗಿಯುವ ಗಂಟು

ಹಳಿ ದುರಸ್ತಿಗೆಂದು ಮುಂಬಯಿಯ ಲೋಕಲ್ ಗಾಡಿಗಳನ್ನು ತಡೆಯುವ ಮೆಗಾಬ್ಲಾಕ್ ಇರುವ ಭಾನುವಾರ ಡೊಂಬಿವಲಿಯಿಂದ ಮಾಟುಂಗಾಕ್ಕೆ ಹೊರಡಬಾರದೆಂದು ಗೊತ್ತಿದ್ದೂ ಹೊರಟಿದ್ದೆ. ಪತ್ರೊಡೆಗೆ ಕೆಸುವಿನೆಲೆ ಬೇಕಾಗಿತ್ತು, ಜೊತೆಗೆ ಊರಿನ ಮಲ್ಲಿಗೆ. ಎರಡೂ ಒಟ್ಟಿಗೆ ಸಿಗಬೇಕೆಂದರೆ ಮಾಟುಂಗಾವೇ ಸೈ ಎನ್ನುವುದು ನಮ್ಮ ಮನೆಯ ನಂಬಿಕೆ. ಅಕ್ಕನ ಮಗಳೂ ಬಂದಿದ್ದಳು. ಇಲ್ಲೇ ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಫಾಸ್ಟ್ ಗಾಡಿಗಳನ್ನೆಲ್ಲ ಸ್ಲೋ ಹಳಿಗೆ ತಿರುಗಿಸಿದ್ದರಿಂದ ರಜಾದಿನದಲ್ಲೂ ಕಾಲಿಡಲು ಜಾಗವಿರಲಿಲ್ಲ. ನಾನು ತಲೆಯ ಮೇಲಿನ ಹಿಡಿಕೆಗೆ ಎರಡು ಬೆರಳು ಸಿಕ್ಕಿಸಿ ತೂಕಡಿಸುತ್ತ ನಿಂತಿದ್ದೆ. ಘಾಟ್ಕೋಪರ್ ದಾಟಿದ ಮೇಲೆ ಗಾಡಿ ಗಕ್ಕನೆ ನಿಂತಿತು. ಎರಡು ಬೆರಳು ಇದ್ದದ್ದು ನನಗೇ ತಿಳಿಯದಂತೆ ಮುಷ್ಟಿಯಾಯಿತು.

"ಕ್ಯಾಚ್ ಬಾಂಡ್!" ಎಂದು ಅವಳು ನಕ್ಕಳು.

"ಎಂತದು?"

"ಎಳೆದ್ರೆ ಬಿಡೂದಲ್ಲ ಮಾವ, ಇನ್ನೂ ಗಟ್ಟಿ ಹಿಡ್ಕೊಳ್ಳುವ ಪ್ರೋಟೀನು. ಬರುವ ತಿಂಗಳು ಅದರ ಮೇಲೇ ನನ್ನ ಸೆಮಿನಾರು. ನಂಗೇ ಸರಿ ಅರ್ಥ ಆಗ್ಲಿಲ್ಲ."

ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದವನಿಗೆ ಮೊದಲು ಬಂದ ಮಾತು "ಅದು ಹೇಗಾಗ್ತದೆ?" ಎಂಬುದೇ. ನನ್ನ ಬೆರಳು ಮುಷ್ಟಿಯಾಗಲು ಹಿಂದೆ ನರವಿದೆ, ನರದ ಹಿಂದೆ ಮಿದುಳಿದೆ. ಕೆಲವೇ ನ್ಯಾನೋಮೀಟರ್ ಗಾತ್ರದ ಪ್ರೋಟೀನಿಗೆ ತನ್ನನ್ನು ಯಾರೋ ಎಳೆಯುತ್ತಿದ್ದಾರೆ ಎಂದು ತಿಳಿಯುವುದು ಹೇಗೆ? ತಿಳಿದರೂ ಬಿಗಿ ಮಾಡುವವರು ಯಾರು? ಅವತ್ತಿನ ಪತ್ರೊಡೆ ಚೆನ್ನಾಗಿಯೇ ಆಯಿತು. ಪ್ರಶ್ನೆ ಮಾತ್ರ ಎರಡು ವಾರ ನನ್ನನ್ನು ಬಿಡಲಿಲ್ಲ. ಓದಿ ತಿಳಿದದ್ದನ್ನು ಅವಳಿಗೆ ಹೇಳಿದಂತೆಯೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮೈಯ ಜೀವಕೋಶಗಳು ಇಟ್ಟಿಗೆಯಂತೆ ಗಾರೆ ಹಾಕಿ ಕೂರಿಸಿದವಲ್ಲ. ಪ್ರತಿ ಕೋಶದ ಹೊರಮೈಯಲ್ಲಿ ಸಾವಿರಾರು ಪ್ರೋಟೀನುಗಳು ಕೈಯಂತೆ ಚಾಚಿಕೊಂಡಿರುತ್ತವೆ. ಅವು ಪಕ್ಕದ ಕೋಶದ ಪ್ರೋಟೀನನ್ನೋ ಸಕ್ಕರೆಯ ಸರಪಳಿಯನ್ನೋ ಸುತ್ತಲಿನ ನಾರಿನ ಜಾಲವನ್ನೋ ಹಿಡಿದಿರುತ್ತವೆ. ಹೀಗೆ ಹಿಡಿದದ್ದು ಶಾಶ್ವತವಲ್ಲ. ಅಣುಗಳ ಲೋಕದಲ್ಲಿ ಎಲ್ಲವೂ ಶಾಖದಿಂದ ಸದಾ ಕುಲುಕುತ್ತಿರುತ್ತದೆ. ಆ ಕುಲುಕಾಟಕ್ಕೇ ಹಿಡಿತ ಬಿಟ್ಟುಹೋಗುತ್ತದೆ, ಮತ್ತೆ ಕೂಡಿಕೊಳ್ಳುತ್ತದೆ. ಇದರ ಮೇಲೆ ಎಳೆತ ಬೇರೆ: ಹರಿಯುವ ರಕ್ತ, ಬಡಿಯುವ ಹೃದಯ, ಹಿಗ್ಗಿ ಕುಗ್ಗುವ ಶ್ವಾಸಕೋಶ.

ಎಷ್ಟು ಎಳೆತ? ಒಂದೊಂದು ಅಣುವಿನ ಪಾಲಿಗೆ ಬರುವುದನ್ನು ಪಿಕೋನ್ಯೂಟನ್ನಿನಲ್ಲಿ ಅಳೆಯುತ್ತಾರೆ. ಒಂದು ನ್ಯೂಟನ್ನನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಒಂದೇ ಒಂದು ಕೆಂಪು ರಕ್ತಕಣವನ್ನು ತಕ್ಕಡಿಗೆ ಹಾಕಲು ಸಾಧ್ಯವಾದರೆ ಅದು ತೂಗುವುದು ಸರಿಸುಮಾರು ಇಷ್ಟೇ. ನಾವು ಮಾತಾಡುತ್ತಿರುವ ಕೊಂಡಿಗಳೆಲ್ಲ ಐದು, ಹತ್ತು, ಮೂವತ್ತು ಪಿಕೋನ್ಯೂಟನ್ನಿನ ಲೆಕ್ಕದವು.

ಇಲ್ಲಿ ಒಂದು ಮಾತನ್ನು ಸರಿಮಾಡಿಕೊಳ್ಳಬೇಕು, ಇಲ್ಲದಿದ್ದರೆ ಮುಂದಿನದೆಲ್ಲ ಗೋಜಲು. "ಈ ಬಂಧ ಎಷ್ಟು ಗಟ್ಟಿ?" ಎಂದು ನಾವು ಕೇಳುತ್ತೇವೆ, ಹಗ್ಗ ಎಷ್ಟು ಕಿಲೋ ತಡೆಯುತ್ತದೆ ಎಂದು ಅಂಗಡಿಯಲ್ಲಿ ಕೇಳಿದಂತೆ. ಅಣುಗಳ ವಿಷಯದಲ್ಲಿ ಅದು ತಪ್ಪು ಪ್ರಶ್ನೆ. ಏನೂ ಎಳೆಯದಿದ್ದರೂ ಆ ಬಂಧ ಒಮ್ಮೆ ಬಿಟ್ಟೇ ಬಿಡುತ್ತದೆ. ಆದ್ದರಿಂದ "ಇಷ್ಟು ಬಲದಿಂದ ಎಳೆದರೆ ಸರಾಸರಿ ಎಷ್ಟು ಹೊತ್ತು ಹಿಡಿದಿರುತ್ತದೆ?" ಎಂದು ಕೇಳಬೇಕು. ಗಟ್ಟಿತನವನ್ನು ಬಿಟ್ಟು ಆಯುಷ್ಯವನ್ನು ಹಿಡಿದುಕೊಳ್ಳಿ.

ಈ ಆಯುಷ್ಯಕ್ಕೆ ಮೊದಲು ಒಂದು ಸೂತ್ರ ಕೊಟ್ಟವರು ಜಾರ್ಜ್ ಬೆಲ್, 1978ರಲ್ಲಿ. ಬಂಧ ಬಿಡಬೇಕಾದರೆ ಅದು ಒಂದು ಸಣ್ಣ ದಿಬ್ಬ ಹತ್ತಿ ಇಳಿಯಬೇಕು ಎಂದುಕೊಳ್ಳಿ. ಶಾಖದ ಕುಲುಕಾಟ ಅದನ್ನು ಆಗಾಗ ದಿಬ್ಬದ ತುದಿಗೆ ತಳ್ಳುತ್ತದೆ. ಹೊರಗಿನಿಂದ ಎಳೆದರೆ ದಿಬ್ಬ ತಗ್ಗುತ್ತದೆ, ದಾಟುವುದು ಸುಲಭವಾಗುತ್ತದೆ. ಲೆಕ್ಕದ ರುಚಿ ಇರುವುದು ತಗ್ಗುವ ಬಗೆಯಲ್ಲಿ. ಕುಲುಕಾಟದ ಶಕ್ತಿ ಸುಮಾರು 4 ಪಿಕೋನ್ಯೂಟನ್-ನ್ಯಾನೋಮೀಟರ್. ದಿಬ್ಬದ ತುದಿ ಅರ್ಧ ನ್ಯಾನೋಮೀಟರ್ ದೂರದಲ್ಲಿದ್ದರೆ, 8 ಪಿಕೋನ್ಯೂಟನ್ ಎಳೆತಕ್ಕೆ ಬಂಧದ ಆಯುಷ್ಯ ಹೆಚ್ಚುಕಡಿಮೆ ಮೂರರಲ್ಲೊಂದಕ್ಕೆ ಇಳಿಯುತ್ತದೆ, 16ಕ್ಕೆ ಏಳರಲ್ಲೊಂದು, 24ಕ್ಕೆ ಇಪ್ಪತ್ತರಲ್ಲೊಂದು. ಎಳೆತ ಕೂಡುತ್ತ ಹೋದರೆ ಆಯುಷ್ಯ ಭಾಗವಾಗುತ್ತ ಹೋಗುತ್ತದೆ. ಗುಡ್ಡದಲ್ಲಿ ನಡೆದು ಬಂದಾಗ ಪಂಚೆಗೆ ಮೆತ್ತಿಕೊಳ್ಳುವ ಉತ್ತರಾಣಿ ಬೀಜದ ಹಾಗೆ: ಮೆಲ್ಲಗೆ ಎಳೆದರೆ ಸತಾಯಿಸುತ್ತದೆ, ಜೋರಾಗಿ ಎಳೆದರೆ ಕೈಗೆ ಬರುತ್ತದೆ. ಇಂಥದ್ದಕ್ಕೆ ಸ್ಲಿಪ್ ಬಾಂಡ್ ಎಂದು ಹೆಸರು. ನಾನು ಜಾರುಬಂಧ ಎನ್ನುತ್ತೇನೆ.

ಹತ್ತು ವರ್ಷ ಕಳೆದು 1988ರಲ್ಲಿ ಮೈಕಾ ಡೆಂಬೋ ಮತ್ತು ಸಂಗಡಿಗರು ಅದೇ ಗಣಿತವನ್ನು ತಿರುವಿ ನೋಡಿದರು. ಎಳೆದರೆ ಆಯುಷ್ಯ ಕಡಿಮೆಯಾಗಲೇಬೇಕು ಎಂದು ಸಮೀಕರಣ ಹಟ ಹಿಡಿಯುವುದಿಲ್ಲ, ಹೆಚ್ಚಾಗುವ ಬಂಧವೂ ಇರಬಹುದು ಎಂದರು. ಅದಕ್ಕೆ ಕ್ಯಾಚ್ ಬಾಂಡ್ ಎಂದು ಹೆಸರಿಟ್ಟರು. ಹಿಡಿಬಂಧ ಎನ್ನೋಣ. ಕಾಗದದ ಮೇಲೆ ಹುಟ್ಟಿದ ಈ ಮಗು ಬಹಳ ವರ್ಷ ಕಾಗದದ ಮೇಲೆಯೇ ಮಲಗಿತ್ತು. ನಿಸರ್ಗದಲ್ಲಿ ಅಂಥದ್ದನ್ನು ಕಂಡವರಿರಲಿಲ್ಲ. ನಿಜ ಹೇಳಬೇಕೆಂದರೆ, ಆಗ ನನ್ನನ್ನು ಕೇಳಿದ್ದರೆ ನಾನೂ ಗಣಿತದ ಆಟ ಎಂದೇ ತಳ್ಳಿಹಾಕುತ್ತಿದ್ದೆ.

ಸುಳಿವು ಸಿಕ್ಕಿದ್ದು ರಕ್ತದಲ್ಲಿ. ಬೆರಳಿಗೆ ಮುಳ್ಳು ಚುಚ್ಚಿ ಕೀವಾಗುತ್ತದೆ ಎನ್ನಿ. ಬಿಳಿ ರಕ್ತಕಣ ಅಲ್ಲಿಗೆ ಹೋಗಬೇಕು, ಆದರೆ ಅದು ರಕ್ತದ ಪ್ರವಾಹದಲ್ಲಿ ಓಡುತ್ತಿದೆ. ಎಲ್ಲ ಕಡೆ ನಿಲ್ಲದ ವಿರಾರ್ ಫಾಸ್ಟ್ ಗಾಡಿಯಲ್ಲಿ ಕೂತವನು ನಡುವಿನ ಸ್ಟೇಷನ್ನಿನಲ್ಲಿ ಇಳಿಯಬೇಕಾದಂಥ ಪರಿಸ್ಥಿತಿ. ಗಾಯದ ಹತ್ತಿರದ ರಕ್ತನಾಳದ ಒಳಪದರ ಆಗ ಸೆಲೆಕ್ಟಿನ್ ಎಂಬ ಪ್ರೋಟೀನುಗಳನ್ನು ಮೇಲಕ್ಕೆ ತರುತ್ತದೆ. ಅವುಗಳಲ್ಲಿ ಪಿ-ಸೆಲೆಕ್ಟಿನ್ ಎಂಬುದು ಒಳಗೆ ಚೀಲಗಳಲ್ಲಿ ತಯಾರಾಗಿಯೇ ಇರುತ್ತದೆ, ಕೆಲವೇ ನಿಮಿಷಗಳಲ್ಲಿ ಮೇಲೆ ಬಂದು ನಿಲ್ಲುತ್ತದೆ. ಅದು ಬಿಳಿ ಕಣದ ಮೇಲಿರುವ ಸಕ್ಕರೆ ಹೊತ್ತ ಪ್ರೋಟೀನೊಂದನ್ನು ಹಿಡಿಯುತ್ತದೆ. ಕಣ ಒಮ್ಮೆಲೇ ನಿಲ್ಲುವುದಿಲ್ಲ. ಹಿಂದಿನ ಕೈ ಬಿಡುತ್ತ ಮುಂದಿನ ಕೈ ಹಿಡಿಯುತ್ತ ನಾಳದ ಗೋಡೆಯ ಮೇಲೆ ಉರುಳುತ್ತದೆ. ವೇಗ ಇಳಿದ ಮೇಲೆ ಇಂಟಿಗ್ರಿನ್ ಎಂಬ ಬೇರೆ ಪ್ರೋಟೀನುಗಳು ಗಟ್ಟಿಯಾಗಿ ಹಿಡಿದು ನಿಲ್ಲಿಸುತ್ತವೆ. ಆಮೇಲೆ ಕಣ ಗೋಡೆಯ ಸಂದಿಯಲ್ಲಿ ನುಸುಳಿ ಗಾಯದ ಕಡೆ ಹೋಗುತ್ತದೆ.

1996ರಲ್ಲಿ ಎಲ್-ಸೆಲೆಕ್ಟಿನ್ ಎಂಬ ಇನ್ನೊಂದು ಸೋದರನ ಮೇಲೆ ಪ್ರಯೋಗ ಮಾಡುತ್ತಿದ್ದವರು ವಿಚಿತ್ರವೊಂದನ್ನು ಕಂಡರು. ಹರಿವು ಒಂದು ಮಟ್ಟಕ್ಕಿಂತ ಹೆಚ್ಚಿದ್ದರೆ ಕಣಗಳು ಅಂಟಿ ಉರುಳುತ್ತಿದ್ದವು. ಹರಿವನ್ನು ಕಡಿಮೆ ಮಾಡಿದರೆ ಅಂಟು ಬಿಟ್ಟು ತೇಲಿ ಹೋಗುತ್ತಿದ್ದವು! ನಳ್ಳಿಯ ನೀರು ಜೋರಾಗಿ ಬಿಟ್ಟಾಗ ಪಾತ್ರೆಗೆ ಅಂಟಿದ ಅನ್ನದಗುಳು ಕಚ್ಚಿ ಕೂತು, ನೀರು ನಿಲ್ಲಿಸಿದಾಗ ತಾನಾಗಿ ಕಳಚಿದಂತೆ.

ಒಂದೇ ಬಂಧವನ್ನು ಹಿಡಿದು ನೇರವಾಗಿ ಅಳೆದದ್ದು 2003ರಲ್ಲಿ. ಅಮೆರಿಕದ ಚೆಂಗ್ ಝು, ರಾಡ್ಜರ್ ಮೆಕ್‌ಎವರ್ ಮತ್ತು ಸಹೋದ್ಯೋಗಿಗಳು ಪರಮಾಣು ಬಲ ಸೂಕ್ಷ್ಮದರ್ಶಕ ಬಳಸಿದರು. ಹೆಸರು ಸೂಕ್ಷ್ಮದರ್ಶಕ ಎಂದಿದ್ದರೂ ಅದು ನೋಡುವುದಕ್ಕಿಂತ ಮುಟ್ಟುವ ಯಂತ್ರ. ಕೂದಲಿಗಿಂತ ತೆಳುವಾದ ಪಟ್ಟಿಯ ತುದಿಗೆ ಒಂದು ಪ್ರೋಟೀನು, ಕೆಳಗಿನ ತಟ್ಟೆಯ ಮೇಲೆ ಅದರ ಜೋಡಿ. ಮುಟ್ಟಿಸಿ, ಮೇಲಕ್ಕೆ ಎಳೆದು, ಪಟ್ಟಿ ಎಷ್ಟು ಬಾಗಿತು ಎನ್ನುವುದರಿಂದ ಬಲವನ್ನು ತಿಳಿಯುವುದು. ಎಷ್ಟು ಹೊತ್ತಿಗೆ ಕಳಚಿತು ಎಂದು ಗಡಿಯಾರ ನೋಡುವುದು. ಪಿ-ಸೆಲೆಕ್ಟಿನ್ನಿನ ಬಂಧದ ಆಯುಷ್ಯ, ಎಳೆತ ಹೆಚ್ಚಿದಂತೆ ಮೊದಲು ಏರಿತು. ಸುಮಾರು 10–20 ಪಿಕೋನ್ಯೂಟನ್ನಿನ ಆಸುಪಾಸಿನಲ್ಲಿ ಶಿಖರ ಮುಟ್ಟಿತು. ಅದಕ್ಕಿಂತ ಹೆಚ್ಚು ಎಳೆದಾಗ ಮಾಮೂಲಿನಂತೆ ಇಳಿಯಿತು. ಅಂದರೆ ಹಿಡಿಬಂಧವೂ ಒಂದು ಮಿತಿ ದಾಟಿದರೆ ಜಾರುಬಂಧವೇ. ಡೆಂಬೋ ಹೇಳಿದ ಹದಿನೈದು ವರ್ಷಕ್ಕೆ ಮಗು ಎದ್ದು ನಡೆದಿತ್ತು.

ಇಷ್ಟು ಓದಿದ ಮೇಲೂ "ಹೇಗೆ" ಎಂಬುದು ಬಾಕಿ ಇತ್ತು. ಉತ್ತರ ನನಗೆ ಸಿಕ್ಕಿದ್ದು ಕುಂದಾಪುರದ ಕಡೆಯ ನಮ್ಮ ಅಜ್ಜಿಮನೆಯ ಬಾವಿಕಟ್ಟೆಯಲ್ಲಿ.

ಕೊಡಪಾನದ ಕುತ್ತಿಗೆಗೆ ಹಗ್ಗದ ಜೀರುಗುಣಿಕೆ ಹಾಕಿ ಬಾವಿಗೆ ಇಳಿಸುವುದನ್ನು ನೋಡಿದ್ದೀರಾ? ಕೊಡ ತುಂಬಿ ಮೇಲೆ ಬರುವಾಗ ಹೆದರಿಕೆಯಿಲ್ಲ. ಭಾರ ಹೆಚ್ಚಿದಷ್ಟೂ ಕುಣಿಕೆ ಕುತ್ತಿಗೆಗೆ ಕಚ್ಚುತ್ತದೆ. ಅಪಾಯವಿರುವುದು ಕೊಡ ನೀರಿನ ಮೇಲೆ ಬರಿದಾಗಿ ತೇಲುವ ಹೊತ್ತಿನಲ್ಲಿ. ಹಗ್ಗ ಸಡಿಲವಾಗುತ್ತದೆ, ಕುಣಿಕೆ ಅಗಲವಾಗುತ್ತದೆ, ಕೊಡ ಮೆಲ್ಲಗೆ ನುಣುಚಿ ಗುಳುಂ ಎನ್ನುತ್ತದೆ. ಆಮೇಲೆ ಪಕ್ಕದ ಮನೆಗೆ ಓಡಿ ಪಾತಾಳಗರಡಿ ತರಬೇಕು, ಜೊತೆಗೆ ಅಜ್ಜಿಯ ಬೈಗುಳ. ಹಗ್ಗಕ್ಕೆ ಮಿದುಳಿಲ್ಲ, ನರವಿಲ್ಲ. ಇರುವುದು ಆಕಾರ ಮಾತ್ರ. ಎಳೆತ ಆ ಆಕಾರವನ್ನು ಬದಲಿಸುತ್ತದೆ, ಬದಲಾದ ಆಕಾರ ಹಿಡಿತವನ್ನು ಬದಲಿಸುತ್ತದೆ. ಲೋಕಲ್ ಗಾಡಿಯ ನನ್ನ ಮುಷ್ಟಿಗಿಂತ ಇದೇ ಸರಿಯಾದ ಹೋಲಿಕೆ.

ಪ್ರೋಟೀನಿಗೂ ಹೀಗೆ ಎರಡು ಭಂಗಿಗಳಿವೆ. ಸೆಲೆಕ್ಟಿನ್ನಿನ ತುದಿಯಲ್ಲಿ, ಪ್ರೋಟೀನಿನ ಎಳೆ ಮಡಚಿಕೊಂಡು ಆದ, ಸಕ್ಕರೆ ಹಿಡಿಯುವ ಮಡಿಕೆ; ಅದರ ಕೆಳಗೆ, ತಿರುಗಣೆಯಲ್ಲಿ ಜೋಡಿಸಿದಂತೆ, ಇನ್ನೊಂದು ಮಡಿಕೆ. ತಿರುಗಣೆ ಬಾಗಿದ್ದಾಗ ಹಿಡಿತ ಸಡಿಲ, ನೆಟ್ಟಗಾದಾಗ ಬಿಗಿ. ಎಳೆತವಿಲ್ಲದಾಗಲೂ ಅದು ಎರಡರ ನಡುವೆ ಓಲಾಡುತ್ತಿರುತ್ತದೆ, ಹೆಚ್ಚು ಹೊತ್ತು ಬಾಗಿಯೇ ಇರುತ್ತದೆ. ನೆಟ್ಟಗಾದ ಭಂಗಿ ಉದ್ದ ಹೆಚ್ಚು. ಆದ್ದರಿಂದ ಎಳೆದರೆ ನೆಟ್ಟಗಿರುವ ಅಣುಗಳ ಪಾಲು ಹೆಚ್ಚುತ್ತದೆ. ನನ್ನೊಳಗಿನ ಭೌತಶಾಸ್ತ್ರದ ಮೇಷ್ಟರಿಗೆ ಸಮಾಧಾನವಾದದ್ದು ಇಲ್ಲಿ. ಎರಡು ಭಂಗಿಗಳನ್ನೂ ಬೇರೆ ಬೇರೆಯಾಗಿ ನೋಡಿದರೆ ಎರಡೂ ಬೆಲ್ ಹೇಳಿದ ಜಾರುಬಂಧಗಳೇ. ಒಂದು ಬೇಗ ಬಿಡುವಂಥದ್ದು, ಇನ್ನೊಂದು ತಡವಾಗಿ ಬಿಡುವಂಥದ್ದು. ಎಳೆತ ಮಾಡುವುದು ಅಣುಗಳನ್ನು ಮೊದಲನೆಯ ಸಾಲಿನಿಂದ ಎರಡನೆಯ ಸಾಲಿಗೆ ದಾಟಿಸುವ ಕೆಲಸ. ಎಲ್ಲರೂ ದಾಟಿದ ಮೇಲೆ ಎಳೆದರೆ ಜಾರುವುದೊಂದೇ ಉಳಿಯುತ್ತದೆ. ಏರಿ ಇಳಿಯುವ ಆ ವಕ್ರರೇಖೆಯ ಗುಟ್ಟು ಇಷ್ಟೇ, ಭೌತಶಾಸ್ತ್ರದ ಯಾವ ನಿಯಮವೂ ಮುರಿದಿಲ್ಲ.

ಆ ಸಕ್ಕರೆಯ ವಿಷಯ ಬಂದಾಗ ಮುಂಬಯಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 1952ರಲ್ಲಿ ಇಲ್ಲಿ ವೈ. ಎಂ. ಭೇಂಡೆ ಮತ್ತು ಸಹೋದ್ಯೋಗಿಗಳು ಎ, ಬಿ, ಓ ಯಾವುದಕ್ಕೂ ಸೇರದ ರಕ್ತದ ಗುಂಪೊಂದನ್ನು ಗುರುತಿಸಿದರು. ಇಂದಿಗೂ ಜಗತ್ತಿನಲ್ಲೆಲ್ಲ ಅದಕ್ಕೆ ಬಾಂಬೆ ರಕ್ತದ ಗುಂಪು ಎಂದೇ ಹೆಸರು. ಓ ಗುಂಪಿನವರಲ್ಲೂ ಇರುವ ಎಚ್ ಎಂಬ ಸಕ್ಕರೆಯ ಗುರುತು ಇವರ ಕೆಂಪು ಕಣಗಳಲ್ಲಿ ಇಲ್ಲ. ಆ ಗುರುತು ಪೂರ್ತಿಯಾಗಲು ಕೊನೆಗೆ ಫ್ಯೂಕೋಸ್ ಎಂಬ ಸಣ್ಣ ಸಕ್ಕರೆಯನ್ನು ಸೇರಿಸಬೇಕು. ಸೇರಿಸುವ ಕಿಣ್ವ ಇವರಲ್ಲಿ ಕೆಲಸ ಮಾಡುವುದಿಲ್ಲ. ರಕ್ತ ಪಡೆಯುವ ಸಂದರ್ಭ ಬಾರದಿದ್ದರೆ ಇವರು ಎಲ್ಲರಂತೆ ಆರೋಗ್ಯವಂತರೇ.

ಸೆಲೆಕ್ಟಿನ್ ಹಿಡಿಯುವ ಸಕ್ಕರೆಗೂ ಫ್ಯೂಕೋಸ್ ಬೇಕು. ಆದರೆ ಅದನ್ನು ಸೇರಿಸುವ ಕಿಣ್ವ ಬೇರೆ. ಬಾಂಬೆ ಗುಂಪಿನವರಲ್ಲಿ ಅದು ಚೆನ್ನಾಗಿಯೇ ಇರುತ್ತದೆ. 1992ರಲ್ಲಿ ವರದಿಯಾದ ಇಬ್ಬರು ಹುಡುಗರ ಕಥೆ ಹಾಗಿರಲಿಲ್ಲ. ಅವರ ರಕ್ತ ಬಾಂಬೆ ಗುಂಪಿನಂತೆ ಕಾಣುತ್ತಿತ್ತು, ಜೊತೆಗೆ ಮೇಲಿಂದ ಮೇಲೆ ಸೋಂಕು, ಬೆಳವಣಿಗೆಯಲ್ಲಿ ಕುಂಠಿತ. ರಕ್ತದಲ್ಲಿ ಬಿಳಿ ಕಣಗಳೇನೋ ಬೇಕಾದಷ್ಟಿದ್ದವು, ಗಾಯಕ್ಕೆ ಮಾತ್ರ ತಲುಪುತ್ತಿರಲಿಲ್ಲ. ಆಮೇಲೆ ತಿಳಿದದ್ದು, ಈ ಕಾಯಿಲೆಯಲ್ಲಿ ಫ್ಯೂಕೋಸನ್ನು ಕೋಶದೊಳಗೆ ಸರಿಯಾದ ಕೋಣೆಗೆ ಸಾಗಿಸುವ ವಾಹಕವೇ ಕೆಟ್ಟಿರುತ್ತದೆ ಎಂದು. ಎಚ್ ಗುರುತೂ ಇಲ್ಲ, ಸೆಲೆಕ್ಟಿನ್ನಿಗೆ ಬೇಕಾದ ಸಕ್ಕರೆಯೂ ಇಲ್ಲ. ಉರುಳಲಾರದ ಕಣ ಇಳಿಯಲಾರದು. ಬಹಳ ಅಪರೂಪದ ಈ ಕಾಯಿಲೆಯಲ್ಲಿ ಕೆಲವು ಮಕ್ಕಳಿಗೆ ಫ್ಯೂಕೋಸನ್ನೇ ಬಾಯಿಯಿಂದ ಕೊಟ್ಟಾಗ ಸೋಂಕು ಕಡಿಮೆಯಾದದ್ದೂ ಉಂಟು.

ಈ ಗಂಟಿನ ಕಸುಬು ನಮಗೆ ಮಾತ್ರ ಗೊತ್ತಿದ್ದರೆ ಚೆನ್ನಾಗಿತ್ತು. ಬ್ಯಾಕ್ಟೀರಿಯಾಗಳಿಗೂ ಗೊತ್ತಿದೆ. ಮೂತ್ರದ ಸೋಂಕು ತರುವುದರಲ್ಲಿ ಮುಂಚೂಣಿಯಲ್ಲಿರುವ ಇ. ಕೋಲೈಗೆ ಮೈತುಂಬ ಕೂದಲಿನಂಥ ಎಳೆಗಳಿರುತ್ತವೆ. ಎಳೆಯ ತುದಿಯಲ್ಲಿ ಫಿಮ್-ಎಚ್ ಎಂಬ ಪ್ರೋಟೀನು ನಮ್ಮ ಮೂತ್ರಕೋಶದ ಗೋಡೆಯ ಮ್ಯಾನೋಸ್ ಸಕ್ಕರೆಯನ್ನು ಹಿಡಿಯುತ್ತದೆ. ಅಮೆರಿಕದ ವೆಂಡಿ ಥಾಮಸ್, ವಿಯೋಲಾ ಫೋಗೆಲ್, ಎವ್ಗೆನಿ ಸೊಕುರೆಂಕೊ ಮತ್ತಿತರರು 2002ರಲ್ಲಿ ಗಿನಿಹಂದಿಯ ಕೆಂಪು ರಕ್ತಕಣಗಳ ಮೇಲೆ ಇದನ್ನು ಪರೀಕ್ಷಿಸಿದರು. ದ್ರವದ ಒರೆತ ಹತ್ತು ಪಟ್ಟು ಹೆಚ್ಚಿದಾಗ ಸಡಿಲವಾಗಿದ್ದ ಅಂಟು ಗಟ್ಟಿಯಾಯಿತು. ಸೆಲೆಕ್ಟಿನ್ನಿನ ನೇರ ಅಳತೆಗಿಂತ ಒಂದು ವರ್ಷ ಮೊದಲೇ ಹೊರಬಂದ ಕೆಲಸ ಇದು.

ಫಿಮ್-ಎಚ್‌ನಲ್ಲಿಯೂ ಎರಡು ಮಡಿಕೆಗಳು. ಹಿಂದಿನ ಮಡಿಕೆ ಮುಂದಿನದಕ್ಕೆ ಬೆಣೆಯಂತೆ ಒತ್ತಿಕೊಂಡಿದ್ದಾಗ, ಮುಂದಿನದು ಹಿಂಡಿದ ಬಟ್ಟೆಯಂತೆ ತಿರುಚಿಕೊಂಡು ಅದರ ಆಚೆ ತುದಿಯಲ್ಲಿರುವ ಸಕ್ಕರೆಯ ಗೂಡು ಬಾಯಿ ಬಿಟ್ಟಿರುತ್ತದೆ. ಹರಿವು ಬ್ಯಾಕ್ಟೀರಿಯಾವನ್ನು ಎಳೆಯಿತೋ, ಬೆಣೆ ಕಳಚುತ್ತದೆ, ತಿರುಚು ಬಿಚ್ಚಿಕೊಳ್ಳುತ್ತದೆ, ಗೂಡಿನ ಬಾಯಿ ಸಕ್ಕರೆಯ ಮೇಲೆ ಮುಚ್ಚಿಕೊಳ್ಳುತ್ತದೆ.

ಇದರಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬೇರೊಂದು ಸಂಗತಿ. ಮೂತ್ರದಲ್ಲಿ ಮ್ಯಾನೋಸ್ ಹೊತ್ತ ಪ್ರೋಟೀನುಗಳು ಸ್ವತಂತ್ರವಾಗಿ ತೇಲುತ್ತಿರುತ್ತವೆ. ಬ್ಯಾಕ್ಟೀರಿಯಾವನ್ನು ಮರುಳು ಮಾಡಲು ದೇಹ ಇಟ್ಟ ಹುಸಿ ಆಮಿಷ ಎನ್ನಬಹುದು. ಫಿಮ್-ಎಚ್ ಸದಾ ಬಿಗಿಯಾಗಿದ್ದಿದ್ದರೆ ಇವುಗಳನ್ನೇ ತಬ್ಬಿಕೊಂಡು ಹೊರಗೆ ಹೋಗುತ್ತಿತ್ತು. ತೇಲುವ ವಸ್ತು ನಿಮ್ಮ ಜೊತೆಗೇ ತೇಲುತ್ತದೆ, ಎಳೆಯುವುದಿಲ್ಲ. ಎಳೆಯುವುದು ಗೋಡೆಗೆ ಅಂಟಿದ ಸಕ್ಕರೆ ಮಾತ್ರ. ಆದ್ದರಿಂದ ಎಳೆತ ಬಂತೆಂದರೆ "ಸಿಕ್ಕಿದ್ದು ಗೋಡೆ" ಎಂದರ್ಥ. ಕಣ್ಣಿಲ್ಲದ ಜೀವಿಗೆ ಎಳೆತವೇ ಸುದ್ದಿ. ಇದನ್ನು ಕೇಳಿ ಅಕ್ಕನ ಮಗಳು ಟಿಪ್ಪಣಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಳು.

ಹಾಗಿದ್ದರೆ ನೀರು ಹೆಚ್ಚು ಕುಡಿದರೆ ಬ್ಯಾಕ್ಟೀರಿಯಾ ಇನ್ನೂ ಕಚ್ಚಿಕೊಳ್ಳುವುದಿಲ್ಲವೇ ಎಂಬ ಅನುಮಾನ ಸಹಜ. ದಿನಕ್ಕೆ ನಾಲ್ಕು ಗಂಟೆ ಲೋಕಲಿನಲ್ಲಿ ಕಳೆಯುವ ಈ ಊರಿನ ಹೆಂಗಸರಿಗೆ ಇದು ಬರೀ ಪುಸ್ತಕದ ಪ್ರಶ್ನೆಯಲ್ಲ. ಸ್ಟೇಷನ್ನಿನಲ್ಲಿ ಹೋಗುವಂಥ ಶೌಚಾಲಯವಿಲ್ಲವೆಂದು ಬೆಳಗಿನಿಂದ ನೀರೇ ಕುಡಿಯದೆ ಹೊರಡುವವರು ನಮ್ಮ ಮನೆಯಲ್ಲೂ ಇದ್ದಾರೆ. ಇದಕ್ಕಾಗಿಯೇ 2011ರಲ್ಲಿ ಮುಂಬಯಿಯಲ್ಲಿ 'ರೈಟ್ ಟು ಪೀ' ಚಳವಳಿ ಶುರುವಾಯಿತು. ಉತ್ತರ ಸ್ಪಷ್ಟ: ನೀರು ಕುಡಿಯಿರಿ. ಮತ್ತೆ ಮತ್ತೆ ಮೂತ್ರಕೋಶದ ಸೋಂಕಾಗುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಮಹಿಳೆಯರ ಮೇಲೆ ನಡೆದ ಪರೀಕ್ಷೆಯೊಂದು 2018ರಲ್ಲಿ ಪ್ರಕಟವಾಯಿತು. ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚಿಗೆ ಕುಡಿದವರಿಗೆ ಒಂದು ವರ್ಷದಲ್ಲಿ ಸರಾಸರಿ 1.7 ಸಲ ಸೋಂಕಾದರೆ, ಕುಡಿಯದವರಿಗೆ 3.2 ಸಲ. ಒಂದೊಂದು ಅಣುವಿನ ಜಾಣತನ ಇಡೀ ದೇಹದ ಲೆಕ್ಕವನ್ನು ಬುಡಮೇಲು ಮಾಡುವುದಿಲ್ಲ. ಹಾಗೆಯೇ ಮ್ಯಾನೋಸ್ ಪುಡಿ ನುಂಗಿ ಬ್ಯಾಕ್ಟೀರಿಯಾವನ್ನು ಮರುಳು ಮಾಡುವ ಉಪಾಯ ಕೇಳಲು ಚೆಂದ. 2024ರಲ್ಲಿ ಬ್ರಿಟನ್ನಿನ ಸುಮಾರು 600 ಮಹಿಳೆಯರ ಪರೀಕ್ಷೆಯಲ್ಲಿ ಅದರಿಂದ ಪ್ರಯೋಜನ ಕಾಣಲಿಲ್ಲ.

ಇನ್ನೊಂದು ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಇದರಲ್ಲಿ ಪಠ್ಯಪುಸ್ತಕಕ್ಕೇ ಪೆಟ್ಟು ಬಿದ್ದಿತ್ತು. ಚರ್ಮದಲ್ಲಿ, ಕರುಳಿನ ಒಳಪದರದಲ್ಲಿ ಕೋಶಗಳು ಒಂದನ್ನೊಂದು ಹಿಡಿದಿರುವುದು ಕ್ಯಾಡ್ಹೆರಿನ್ ಎಂಬ ಪ್ರೋಟೀನುಗಳಿಂದ. ಹೊರಗೆ ಅವು ಕೈ ಕೈ ಹಿಡಿದಿದ್ದರೆ, ಕೋಶದೊಳಗೆ ಅವುಗಳ ಬಾಲಕ್ಕೆ ಬೀಟಾ-ಕೆಟೆನಿನ್, ಅದಕ್ಕೆ ಆಲ್ಫಾ-ಕೆಟೆನಿನ್, ಅದಕ್ಕೆ ಆಕ್ಟಿನ್ ಎಂಬ ನಾರು. ಹೀಗೆ ಸರಪಳಿ ಬರೆದ ಚಿತ್ರವನ್ನು ತಲೆಮಾರುಗಟ್ಟಲೆ ವಿದ್ಯಾರ್ಥಿಗಳು ನಕಲು ಮಾಡಿದ್ದಾರೆ. 2005ರಲ್ಲಿ ಸ್ಟ್ಯಾನ್‌ಫರ್ಡಿನ ಸಂಶೋಧಕರು ಈ ಪ್ರೋಟೀನುಗಳನ್ನು ಶುದ್ಧಮಾಡಿ ಬೆರೆಸಿದಾಗ ಸರಪಳಿ ಕೂಡಿಕೊಳ್ಳಲೇ ಇಲ್ಲ. ಬೀಟಾ-ಕೆಟೆನಿನ್ನಿಗೆ ಅಂಟಿದ ಆಲ್ಫಾ-ಕೆಟೆನಿನ್ ಆಕ್ಟಿನ್ನಿನ ಕಡೆ ತಿರುಗಿಯೂ ನೋಡಲಿಲ್ಲ. ಕೋಶದಲ್ಲಿ ಕೊಂಡಿ ಇದ್ದೇ ಇರಬೇಕು, ಪ್ರಯೋಗಾಲಯದ ನಳಿಕೆಯಲ್ಲಿ ಇಲ್ಲ! ಸುಮಾರು ಒಂಬತ್ತು ವರ್ಷ ಈ ಒಗಟು ಹಾಗೇ ಕುಳಿತಿತ್ತು.

2014ರಲ್ಲಿ ಅಲ್ಲಿಯವರೇ ಬೆಳಕಿನ ಚಿಮಟ ಹಿಡಿದು ಬಂದರು. ಲೇಸರ್ ಕಿರಣದ ನಾಭಿಯಲ್ಲಿ ಸಣ್ಣ ಮಣಿಯನ್ನು ಸೆರೆಹಿಡಿದು ಎಳೆಯುವ ಉಪಕರಣ ಅದು. ಅದನ್ನು ರೂಪಿಸಿದ ಆರ್ಥರ್ ಆಶ್ಕಿನ್ ಅವರಿಗೆ 2018ರಲ್ಲಿ ನೊಬೆಲ್ ಬಂತು. ಆಕ್ಟಿನ್ ನಾರಿನ ಎರಡು ತುದಿಗೂ ಮಣಿ ಕಟ್ಟಿ, ಕ್ಯಾಡ್ಹೆರಿನ್–ಕೆಟೆನಿನ್ ಜೋಡಣೆಯ ಮೇಲೆ ಇಟ್ಟು ಎಳೆದರು. ಎಳೆತ ಬಿದ್ದೊಡನೆ ಕೊಂಡಿ ಹಿಡಿಯಿತು, ಮತ್ತದು ಹಿಡಿಬಂಧವೇ ಆಗಿತ್ತು. 2005ರ ನಳಿಕೆಯಲ್ಲಿ ಎಲ್ಲ ಪ್ರೋಟೀನುಗಳೂ ಇದ್ದವು, ಎಳೆತವೊಂದೇ ಇರಲಿಲ್ಲ. ಬರಿದಾದ ಕೊಡ ನೀರಿನ ಮೇಲೆ ತೇಲುತ್ತಿತ್ತು ಎಂದರೆ ಹೆಚ್ಚಲ್ಲ. ಇಷ್ಟು ಸರಳ ಸಂಗತಿ ಇಷ್ಟು ತಡವಾಗಿ ಹೊಳೆಯಿತೇ ಎಂದು ಬೆರಳು ತೋರಿಸುವುದು ಸುಲಭ. ನಲವತ್ತು ವರ್ಷ ಜೀವರಸಾಯನಶಾಸ್ತ್ರವೆಂದರೆ ನಳಿಕೆಯೇ ಆಗಿದ್ದಾಗ ಅದು ಹೊಳೆಯುವುದು ಎಷ್ಟು ಕಷ್ಟ ಎಂಬುದು ಪಾಠ ಮಾಡಿದವರಿಗೆ ಗೊತ್ತು.

ಕೋಶ ತನ್ನ ನೆಲವನ್ನು ಹಿಡಿಯುವ ಕಡೆ ಇನ್ನೊಂದು ಉಪಾಯವಿದೆ. ಇಂಟಿಗ್ರಿನ್ನಿನ ಬಾಲಕ್ಕೆ ಒಳಗಿನಿಂದ ಟ್ಯಾಲಿನ್ ಎಂಬ ಉದ್ದನೆಯ ಪ್ರೋಟೀನು ಕಟ್ಟಿಕೊಂಡಿರುತ್ತದೆ. ಅದನ್ನು ಎಳೆದರೆ ಸುರುಳಿಗಳ ಕಟ್ಟೊಂದು ಬಿಚ್ಚಿಕೊಂಡು, ಒಳಗೆ ಅಡಗಿದ್ದ ಜಾಗ ಹೊರಗೆ ಕಾಣುತ್ತದೆ. ವಿನ್‌ಕ್ಯುಲಿನ್ ಎಂಬ ಪ್ರೋಟೀನು ಬಂದು ಅಲ್ಲಿ ಕಚ್ಚಿ, ಟ್ಯಾಲಿನ್ನನ್ನು ಆಕ್ಟಿನ್ನಿಗೆ ಮತ್ತೊಂದು ಕಡೆಯಿಂದ ಬಿಗಿಯುತ್ತದೆ. 2009ರಲ್ಲಿ ಒಂದೊಂದೇ ಟ್ಯಾಲಿನ್ ಅಣುವನ್ನು ಎಳೆದು ಇದನ್ನು ತೋರಿಸಿದರು. ಇದು ಕುಣಿಕೆಯ ಹಾಗಲ್ಲ. ದಹಿ ಹಂಡಿಯ ಗೋಪುರ ಅಲುಗಾಡಿದಾಗ ಸುತ್ತ ನಿಂತವರು ಓಡಿ ಬಂದು ಕೆಳಗಿನ ಸಾಲಿಗೆ ಹೆಗಲು ಕೊಡುತ್ತಾರಲ್ಲ, ಹಾಗೆ.

ಅಂಟುವಿಕೆಯ ಆಚೆಗೂ ಇದೇ ಗುಣ ಸಿಕ್ಕಿದೆ. ಕೋಶದೊಳಗೆ ಸರಕು ಎಳೆಯುವ ಡೈನೀನ್ ಎಂಬ ಮೋಟಾರ್ ಪ್ರೋಟೀನು ಬಲದಲ್ಲಿ ಬಡಕಲು; ಒಂದೊಂದರ ಪಾಲಿಗೆ ಸುಮಾರು 1 ಪಿಕೋನ್ಯೂಟನ್. ಅದರ ಎದುರಾಳಿ ಕೈನೆಸಿನ್ ಐದಾರು ಎಳೆಯುತ್ತದೆ. ನಮ್ಮ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ರೂಪ್ ಮಲ್ಲಿಕ್ ಅವರ ತಂಡ ಬೆಳಕಿನ ಚಿಮಟದಿಂದಲೇ ನೋಡಿ 2013ರಲ್ಲಿ ಪ್ರಕಟಿಸಿದ ಪ್ರಕಾರ, ಡೈನೀನ್‌ಗಳು ಗುಂಪಾಗಿ ಎಳೆಯುತ್ತವೆ, ಭಾರ ಹೆಚ್ಚಿದಾಗ ಕೋಶದೊಳಗೆ ತಾವು ಸಾಗುವ ಹಳಿಯನ್ನು ಇನ್ನೂ ಬಲವಾಗಿ ಕಚ್ಚುತ್ತವೆ. ಚರ್ಚ್‌ಗೇಟಿಗೆ ಎಷ್ಟೋ ಸಲ ಹೋಗಿ ಬಂದ ನನಗೆ ಅಲ್ಲಿಂದ ಸ್ವಲ್ಪ ದೂರದಲ್ಲೇ ಈ ಹಗ್ಗಜಗ್ಗಾಟ ನಡೆದದ್ದು ಗೊತ್ತೇ ಇರಲಿಲ್ಲ.

ಕುಣಿಕೆ ಸಡಿಲವಾಗಿರುವುದೂ ಎಷ್ಟು ಮುಖ್ಯ ಎನ್ನುವುದಕ್ಕೆ ರಕ್ತ ಹೆಪ್ಪುಗಟ್ಟುವ ಬಗೆಯನ್ನು ನೋಡಬೇಕು. ರಭಸವಾಗಿ ರಕ್ತ ಹರಿಯುವ ಕಿರಿದಾದ ಧಮನಿಯಲ್ಲಿ ಗಾಯವಾದರೆ ಪ್ಲೇಟ್‌ಲೆಟ್‌ಗಳನ್ನು ಹಿಡಿದು ನಿಲ್ಲಿಸುವುದು ವಾನ್ ವಿಲ್ಲೆಬ್ರಾಂಡ್ ಅಂಶ ಎಂಬ ಉದ್ದನೆಯ ಪ್ರೋಟೀನು. ನಿಧಾನದ ಹರಿವಿನಲ್ಲಿ ಅದು ನೂಲಿನ ಉಂಡೆಯಂತೆ ಮುದುಡಿರುತ್ತದೆ. ಹರಿವಿನ ರಭಸಕ್ಕೆ ಬಿಚ್ಚಿಕೊಂಡು ಪ್ಲೇಟ್‌ಲೆಟ್‌ಗಳನ್ನು ಹಿಡಿಬಂಧದಿಂದ ಹಿಡಿಯುತ್ತದೆ. ಕೆಲವರಲ್ಲಿ ಹುಟ್ಟಿನಿಂದಲೇ ಈ ಪ್ರೋಟೀನಿನ ಒಂದು ಅಕ್ಷರ ತಪ್ಪಿ, ಎಳೆಯುವ ಮೊದಲೇ ಗಂಟು ಬಿಗಿದಿರುತ್ತದೆ. ವೈದ್ಯರು ಇದನ್ನು 2ಬಿ ಬಗೆ ಎನ್ನುತ್ತಾರೆ. ಸದಾ ಬಿಗಿಯಾಗಿದ್ದರೆ ರಕ್ತ ಹೆಚ್ಚು ಹೆಪ್ಪುಗಟ್ಟಬೇಕಲ್ಲ ಎಂದು ನಾನು ಎಣಿಸಿದ್ದೆ. ಆಗುವುದು ತಿರುಗುಮುರುಗು. ಪ್ರೋಟೀನೂ ಪ್ಲೇಟ್‌ಲೆಟ್ಟೂ ಗಾಯವೇ ಇಲ್ಲದ ಕಡೆ ಒಂದಕ್ಕೊಂದು ತಗಲಿಕೊಂಡು ರಕ್ತದಿಂದ ತೆರವಾಗುತ್ತವೆ. ನಿಜವಾಗಿ ಗಾಯವಾದಾಗ ಇರುವುದು ಸಾಲದೆ ರಕ್ತ ನಿಲ್ಲುವುದಿಲ್ಲ.

ಸೆಮಿನಾರು ಮುಗಿದ ಸಂಜೆ ಅಕ್ಕನ ಮಗಳು ದಾದರಿನಿಂದ ಫೋನ್ ಮಾಡಿದಳು. ಹಿನ್ನೆಲೆಯಲ್ಲಿ ಪ್ಲಾಟ್‌ಫಾರ್ಮಿನ ಗದ್ದಲ. ಎಲ್ಲ ಚೆನ್ನಾಗಿಯೇ ಆಯಿತಂತೆ, ಬೆಲ್ ಸೂತ್ರದಲ್ಲಿ ಒಂದು ಕಡೆ ಮಾತ್ರ ತಡವರಿಸಿದಳಂತೆ. ಕಪ್ಪುಹಲಗೆಯ ಮೇಲೆ ಬಾವಿ, ರಾಟೆ, ಕೊಡಪಾನದ ಕುತ್ತಿಗೆಯ ಕುಣಿಕೆ ಎಲ್ಲವನ್ನೂ ಬರೆದು ತೋರಿಸಿದ್ದಳು.

"ಕೊಡಪಾನ ಅಂತ ಹೇಳಿದ್ರೆ ಯಾರಿಗೂ ಗೊತ್ತಾಗ್ಲಿಲ್ಲ ಮಾವ. ಮತ್ತೆ ಮರಾಠಿಯಲ್ಲಿ ಕಳಶಿ ಅಂದೆ, ಮೇಡಮಿಗೆ ಗೊತ್ತಾಯ್ತು. ಆದ್ರೆ ಅರ್ಧ ಕ್ಲಾಸಿನವ್ರು ಬಾವಿಯಿಂದ ನೀರು ಸೇದೂದನ್ನೇ ನೋಡ್ಲಿಲ್ಲ!"

"ಮತ್ತೆಂತ ಮಾಡಿದೆ?"

"ಮೇಡಮ್ಮೇ ಅವರ ಐಡಿ ಕಾರ್ಡಿನ ದಾರ ತೆಗ್ದು ನೀರಿನ ಬಾಟ್ಲಿ ಕುತ್ತಿಗೆಗೆ ಕುಣಿಕೆ ಹಾಕಿ ಎತ್ತಿದ್ರು. ಬಾಟ್ಲಿ ಬೀಳ್ಲಿಲ್ಲ. ಮೇಜಿನ ಮೇಲೆ ಇಟ್ಟ ಕೂಡ್ಲೆ ದಾರ ಜಾರಿ ಬಂತು. ತಡಿ ಮಾವ, ಗಾಡಿ ಬಂತು," ಎಂದು ಫೋನ್ ಇಟ್ಟಳು.